ಕುದುರೆಮುಖದಲ್ಲಿ ಕಚ್ಚಿದ ಆ ದೊಡ್ಡ ನೊಣ ಯಾವುದು?

ಪ್ರಶ್ನೆ: ಉಡುಪಿಯಿಂದ ಕುದುರೆಮುಖಕ್ಕೆ ಚಾರಣ ಹೋಗಿದ್ದೆವು. ಮೇಲಿನ ಹುಲ್ಲುಗಾವಲಿನಲ್ಲಿ ದೊಡ್ಡ ನೊಣಗಳು ಬೆನ್ನು ಹತ್ತಿ ಅಂಗಿಯ ಮೇಲಿಂದಲೇ ಕಚ್ಚಿದವು, ರಕ್ತವೂ ಬಂತು. ಇವು ಕುದುರೆ ನೊಣಗಳೇ? ಗುರುತಿಸುವುದು ಹೇಗೆ?

ಉತ್ತರ: ನಡುಹಗಲಲ್ಲಿ ಬೆನ್ನಟ್ಟಿ ಬಂದು ಕಚ್ಚಿದೆ, ರಕ್ತ ಜಿನುಗಿದೆ ಎಂದರೆ ಬಹುಮಟ್ಟಿಗೆ ಅವೇ. ಸೊಳ್ಳೆ ಸೂಜಿ ಚುಚ್ಚಿದಂತೆ ಹೀರುತ್ತದೆ. ಇದು ಅಲಗಿನಂಥ ಬಾಯಿಯಿಂದ ಚರ್ಮವನ್ನು ಕೊಯ್ದು, ಒಸರಿದ ರಕ್ತವನ್ನು ನೆಕ್ಕುತ್ತದೆ. ಉರಿ ಅದಕ್ಕೇ ಜಾಸ್ತಿ. ಕಚ್ಚುವುದು ಹೆಣ್ಣು ಮಾತ್ರ. ಮೊಟ್ಟೆ ಬಲಿಯಲು ರಕ್ತ ಬೇಕು. ಗಂಡಿಗೆ ಹೂವಿನ ಮಕರಂದ ಸಾಕು. ಕುದುರೆಮುಖದಲ್ಲಿ ಕುದುರೆಯಿಲ್ಲದಿದ್ದರೂ ಕಾಟಿ, ಕಡವೆಗಳಿವೆ, ಮರಿಹುಳುಗಳು ಬೆಳೆಯಲು ಜೌಗು ಮಣ್ಣೂ ಇದೆ.

ನಮ್ಮ ಹಟ್ಟಿಗಳಲ್ಲಿ ದನದ ಕಾಲಿಗೆ ಮುತ್ತುವ ಸಣ್ಣ ಕಚ್ಚುವ ನೊಣ ಬೇರೆ. ಅದು ಮನೆನೊಣದಷ್ಟೇ ಇರುತ್ತದೆ, ಬಾಯಿ ತಲೆಯ ಮುಂದಕ್ಕೆ ಸೂಜಿಯಂತೆ ಚಾಚಿರುತ್ತದೆ.

ಕುದುರೆ ನೊಣಗಳಲ್ಲೇ ಹಲವು ಕುಲಗಳಿವೆ. ಗಾತ್ರವೊಂದನ್ನೇ ನೋಡಿ ಹೆಸರಿಡಲು ಹೋಗಬೇಡಿ, ರೆಕ್ಕೆ ನೋಡಿ. ಕುಳಿತಾಗ ರೆಕ್ಕೆಗಳನ್ನು ಹಂಚಿನ ಮಾಡಿನಂತೆ ಇಳಿಜಾರಾಗಿ ಮಡಚಿದ್ದು, ಮೇಲೆಲ್ಲ ಬೂದು ಚುಕ್ಕೆ ಚಿತ್ತಾರವಿದ್ದರೆ ಅದು ಹೆಮಟೊಪೊಟ ಕುಲದ್ದು. ರೆಕ್ಕೆಗೆ ಅಡ್ಡಲಾಗಿ ಕಪ್ಪು ಪಟ್ಟೆ, ಉದ್ದನೆಯ ಕುಡಿಮೀಸೆ, ಮಿನುಗುವ ಹಸಿರು ಕಣ್ಣಿನ ಮೇಲೆ ಕಪ್ಪು ಮಚ್ಚೆಗಳಿದ್ದರೆ ಕ್ರಿಸಾಪ್ಸ್. ತಲೆ, ಕುತ್ತಿಗೆಯ ಸುತ್ತಲೇ ಸುತ್ತುವುದು ಅದರ ಅಭ್ಯಾಸ. ದಪ್ಪ ಮೈ, ಹೆಚ್ಚಾಗಿ ತಿಳಿಯಾದ ರೆಕ್ಕೆ, ಗಿಡ್ಡ ಕುಡಿಮೀಸೆ ಇದ್ದರೆ ಟಬಾನಸ್. ನಿಮ್ಮನ್ನು ಕಚ್ಚಿದ್ದು ನಿಜಕ್ಕೂ ದೊಡ್ಡದಾಗಿದ್ದರೆ ನನ್ನ ಅಂದಾಜು ಇದರ ಮೇಲೆಯೇ. ಇದಕ್ಕಿಂತ ಮುಂದೆ ಹೋಗಿ ಜಾತಿ ಹೇಳಬೇಕಾದರೆ ಫೋಟೊ ಸಾಲದು, ಸೂಕ್ಷ್ಮದರ್ಶಕ ಬೇಕು.

ಎರಡು ಕಣ್ಣುಗಳ ನಡುವೆ ಸಣ್ಣ ಅಂತರ ಕಂಡರೆ ಹೆಣ್ಣು. ಕಣ್ಣುಗಳು ನೆತ್ತಿಯಲ್ಲಿ ಕೂಡಿಕೊಂಡಿದ್ದರೆ ಗಂಡು.

ಜಾನುವಾರು ಸಾಕುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. 1880ರಲ್ಲಿ ಪಶುವೈದ್ಯ ಗ್ರಿಫಿತ್ ಇವಾನ್ಸ್ ಅವರು ಪಂಜಾಬಿನ ಕುದುರೆ, ಒಂಟೆಗಳ ರಕ್ತದಲ್ಲಿ ಕಂಡುಹಿಡಿದ ಸರ್ರಾ ಎಂಬ ಜಾನುವಾರು ರೋಗದ ಪರಾವಲಂಬಿಯನ್ನು ಈ ನೊಣಗಳು ಬಾಯಿಗಂಟಿದ ರಕ್ತದ ಮೂಲಕ ಪ್ರಾಣಿಯಿಂದ ಪ್ರಾಣಿಗೆ ಸಾಗಿಸುತ್ತವೆ. ನಿಮ್ಮ ಗಾಯವನ್ನು ಸೋಪು ಹಾಕಿ ತೊಳೆದು ತಣ್ಣೀರ ಬಟ್ಟೆ ಇಡಿ. ಮುಖ ಬಾತರೆ, ಉಸಿರು ಕಟ್ಟಿದರೆ ಕೂಡಲೇ ವೈದ್ಯರಲ್ಲಿಗೆ ಹೋಗಿ.

ಮುಂದಿನ ಸಲ ತಿಳಿಬಣ್ಣದ ಅಂಗಿ ಹಾಕಿ, ಚಲಿಸುವ ಗಾಢ ಬಣ್ಣ ಅವುಗಳನ್ನು ಸೆಳೆಯುತ್ತದೆ. ಕೂತ ನೊಣವನ್ನು ಹೊಡೆಯುವ ಮೊದಲು ಒಂದು ಫೋಟೊ ತೆಗೆಯಿರಿ. ಸತ್ತ ಮೇಲೆ ಕಣ್ಣಿನ ಬಣ್ಣ, ಪಟ್ಟೆಗಳು ಮಾಸಿಹೋಗುತ್ತವೆ.