ಕವಳಿ ಹಣ್ಣಿನ ಕಪ್ಪು

ಕವಳಿ ಹಣ್ಣಿನ ಬುಟ್ಟಿಗಳು ಧಾರವಾಡದ ಮಾರುಕಟ್ಟೆಗೆ ಬಂದವೆಂದರೆ ಬೇಸಿಗೆ ಮುಗಿಯುತ್ತ ಬಂದಿದೆ ಎಂದೇ ಲೆಕ್ಕ. ಕಲಘಟಗಿ, ಅಳ್ನಾವರದ ಕಡೆಯ ಕಾಡಂಚಿನ ಹಳ್ಳಿಗಳಿಂದ ಹೆಣ್ಣುಮಕ್ಕಳು ಅವನ್ನು ಬೆಳಗಿನ ಬಸ್ಸಿಗೆ ಏರಿಸಿಕೊಂಡು ತರುತ್ತಾರೆ. ನಾಲ್ಕು ಹಣ್ಣುಗಳನ್ನು ಅಲ್ಲೇ ಬಾಯಿಗೆ ಹಾಕಿಕೊಳ್ಳದೆ ನಾನು ಮನೆಗೆ ಬಂದದ್ದೇ ಇಲ್ಲ. ಮೊದಲು ಹುಳಿ, ಆಮೇಲೆ ಸಿಹಿ, ಕೊನೆಗೆ ತುಟಿಗೆ ಹತ್ತಿದ ಹಾಲಿನ ಅಂಟು. ಕನ್ನಡಿ ನೋಡಿಕೊಂಡರೆ ನಾಲಿಗೆ ಕೆನ್ನೀಲಿ.

ಆ ಬಣ್ಣದ ಹೆಸರು ಆಂಥೋಸಯನಿನ್. ಕವಳಿ, ನೇರಳೆ, ಮಾಗಿದ ಕಾಕಿ ಹಣ್ಣು, ಎಲ್ಲದರ ಕಪ್ಪಿನಲ್ಲೂ ಇರುವುದು ಇದೇ ಬಳಗದ ವರ್ಣಕಗಳು. ಕಾಯಿ ಹಸಿರಾಗಿರುವಾಗ ಬೀಜ ಇನ್ನೂ ಬಲಿತಿರುವುದಿಲ್ಲ. ಬಲಿತ ಮೇಲೆ ಹಕ್ಕಿಗೆ ಕಾಣುವಂತೆ ಗಿಡ ಬಣ್ಣ ತುಂಬುತ್ತದೆ. ಸುಡುವ ಬಿಸಿಲಿನಿಂದ ತನ್ನ ಜೀವಕೋಶಗಳನ್ನು ಕಾಪಾಡಿಕೊಳ್ಳಲೂ ಗಿಡಗಳು ಇದೇ ವರ್ಣಕವನ್ನು ಬಳಸುತ್ತವೆ.

ಇದನ್ನು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ನೇರಳೆ ಹಣ್ಣನ್ನು ಹಿಚುಕಿ, ಸೋಸಿ, ಎರಡು ಲೋಟಗಳಿಗೆ ಹಾಕಿರಿ. ಒಂದಕ್ಕೆ ನಿಂಬೆರಸ ಹಿಂಡಿದರೆ ದಾಸವಾಳದ ಕೆಂಪು ಬರುತ್ತದೆ. ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ನೀಲಿ, ಹಸಿರಿನ ಕಡೆಗೆ ಹೊರಳುತ್ತದೆ. ಆಮ್ಲ, ಕ್ಷಾರಗಳಿಗೆ ತಕ್ಕಂತೆ ವರ್ಣಕದ ಅಣು ತನ್ನ ರಚನೆಯನ್ನೇ ಬದಲಿಸಿಕೊಳ್ಳುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ದಯವಿಟ್ಟು ತೋರಿಸಿ. ರಸಾಯನಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ.

ಈಗ ಆರೋಗ್ಯದ ಮಾತು. ನಾವು ಉಸಿರಾಡುವ ಆಮ್ಲಜನಕವನ್ನು ಜೀವಕೋಶಗಳು ಬಳಸಿಕೊಳ್ಳುವಾಗ ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನ್ ಇರುವ ಕೆಲವು ಅಣುಗಳು ಹುಟ್ಟುತ್ತವೆ. ಇವೇ ಫ್ರೀ ರ‍್ಯಾಡಿಕಲ್‌ಗಳು. ಸಿಕ್ಕ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವ ಇವು ಕೊಬ್ಬು, ಪ್ರೋಟೀನ್, ಡಿಎನ್‌ಎ ಯಾವುದನ್ನೂ ಬಿಡುವುದಿಲ್ಲ. ಮುಪ್ಪಿಗೆ ಇವೇ ಕಾರಣವೆಂಬ ವಾದವನ್ನು ಅಮೆರಿಕದ ವಿಜ್ಞಾನಿ ಡೆನ್‌ಹ್ಯಾಮ್ ಹಾರ್ಮನ್ 1956ರಲ್ಲಿ ಮುಂದಿಟ್ಟರು. ತಾನೇ ಎಲೆಕ್ಟ್ರಾನ್ ಕೊಟ್ಟು ಈ ಕಿತ್ತಾಟವನ್ನು ನಿಲ್ಲಿಸುವ ವಸ್ತುವೇ ಆಂಟಿಆಕ್ಸಿಡೆಂಟ್, ಅಂದರೆ ಉತ್ಕರ್ಷಣ ನಿರೋಧಕ. ಪ್ರಯೋಗಾಲಯದಲ್ಲಿ ಡಿಪಿಪಿಎಚ್ ಎಂಬ ಫ್ರೀ ರ‍್ಯಾಡಿಕಲ್‌ನ ಕಡುನೇರಳೆ ದ್ರಾವಣಕ್ಕೆ ನೆಲ್ಲಿಯ ಸಾರ ಬಿದ್ದರೆ ಬಣ್ಣ ಹಳದಿಗೆ ತಿರುಗುತ್ತದೆ, ಕಿತ್ತಾಟ ನಿಂತಿತು ಎಂದು ಅದರ ಅರ್ಥ. ಕವಳಿ, ನೇರಳೆಗಳೂ ಈ ಪರೀಕ್ಷೆಯಲ್ಲಿ ಹಿಂದೆ ಬೀಳುವುದಿಲ್ಲ.

ಆದರೆ ಗಾಜಿನ ನಳಿಕೆಯೇ ಬೇರೆ, ಹೊಟ್ಟೆಯೇ ಬೇರೆ. ಆಹಾರಗಳ ಉತ್ಕರ್ಷಣ ನಿರೋಧಕ ಶಕ್ತಿಗೆ ಅಂಕ ಕೊಡುತ್ತಿದ್ದ ತನ್ನ ದೊಡ್ಡ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ಹಿಂತೆಗೆದುಕೊಂಡಿತು. ಆ ಅಂಕಗಳು ದೇಹದ ಮೇಲಾಗುವ ಪರಿಣಾಮವನ್ನು ಹೇಳುವುದಿಲ್ಲ, ಮಾರಾಟಗಾರರು ಅವನ್ನು ದುರುಪಯೋಗ ಮಾಡಿಕೊಳ್ಳುತ್ತಿದ್ದಾರೆ ಎಂಬುದು ಅದು ಕೊಟ್ಟ ಕಾರಣ. ಅದಕ್ಕೂ ಮೊದಲು ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಬಂದಿತ್ತು. ಬೀಟಾ ಕ್ಯಾರೊಟೀನ್ ಎಂಬ ಉತ್ಕರ್ಷಣ ನಿರೋಧಕದ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಿತ್ತು. ಹಣ್ಣಿನಿಂದ ಒಂದೇ ವಸ್ತುವನ್ನು ಬೇರ್ಪಡಿಸಿ ಗುಳಿಗೆ ಮಾಡಿದರೆ ಅದು ಹಣ್ಣಿನ ಕೆಲಸ ಮಾಡುವುದಿಲ್ಲ. ದುಬಾರಿ ಡಬ್ಬಿಗಳ ಮೇಲಿನ ಬರಹವನ್ನು ನಂಬುವ ಮೊದಲು ಇದನ್ನು ನೆನೆಯಬೇಕು. ನೇರಳೆ ಬೀಜದ ಪುಡಿಯನ್ನು ನಂಬಿ ಸಕ್ಕರೆ ಕಾಯಿಲೆಯ ಔಷಧ ನಿಲ್ಲಿಸುವವರಿಗಂತೂ ಕೈಮುಗಿದು ಹೇಳುತ್ತೇನೆ, ಹಾಗೆ ಮಾಡಬೇಡಿ.

ಹಾಗಿದ್ದರೆ ಹಣ್ಣು ಏಕೆ ಬೇಕು? ತಿಂದ ಆಂಥೋಸಯನಿನ್‌ನಲ್ಲಿ ರಕ್ತಕ್ಕೆ ಇದ್ದ ರೂಪದಲ್ಲೇ ಸೇರುವುದು ತೀರ ಸ್ವಲ್ಪ. ಉಳಿದದ್ದು ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಒಡೆದು ಚಿಕ್ಕ ಚಿಕ್ಕ ಅಣುಗಳನ್ನಾಗಿ ಮಾಡುತ್ತವೆ. ಹಣ್ಣಿನ ನಾರು, ಪೆಕ್ಟಿನ್ ಕೂಡ ಆ ಜೀವಿಗಳಿಗೇ ಊಟ. ಇನ್ನೊಂದು ಲಾಭ ನಮ್ಮ ತಟ್ಟೆಯಲ್ಲೇ ಇದೆ. ಜೋಳದ ರೊಟ್ಟಿಯಲ್ಲಿ ಕಬ್ಬಿಣದ ಅಂಶವಿದ್ದರೂ ಅದರಲ್ಲಿರುವ ಫೈಟೇಟ್ ಎಂಬ ವಸ್ತು ಆ ಕಬ್ಬಿಣವನ್ನು ಕಟ್ಟಿಹಾಕುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ಅದೇ ಊಟದಲ್ಲಿ ಸಿ ಜೀವಸತ್ವ ಇದ್ದರೆ ಆ ಕಟ್ಟು ಸಡಿಲವಾಗುತ್ತದೆ. ರೊಟ್ಟಿ ಪಲ್ಲೆಯ ಜೊತೆಗೆ ಹಸಿ ನೆಲ್ಲಿಕಾಯಿಯ ಚಟ್ನಿ ಇಟ್ಟುಕೊಂಡರೆ ಬೆಲೆ ಕಡಿಮೆ, ಫಲ ಹೆಚ್ಚು. ರಕ್ತಹೀನತೆ ಇಷ್ಟೊಂದು ಹರಡಿರುವ ನಮ್ಮ ಭಾಗದಲ್ಲಿ, ಮುಖ್ಯವಾಗಿ ಹೆಣ್ಣುಮಕ್ಕಳ ತಟ್ಟೆಯಲ್ಲಿ, ಇದು ಸಣ್ಣ ಸಂಗತಿಯಲ್ಲ. ಬಿಸಿಲಲ್ಲಿ ಒಣಗಿಸಿದರೆ, ಬಹಳ ಹೊತ್ತು ಕುದಿಸಿದರೆ ಸಿ ಜೀವಸತ್ವ ಕಳೆದುಹೋಗುತ್ತದೆ. ಉಪ್ಪಿನಕಾಯಿ ರುಚಿಯೇನೋ ನಿಜ, ಉಪ್ಪೂ ಅಷ್ಟೇ ನಿಜ.

ನನಗೆ ಸಂಕಟವಾಗುವುದು ಬೇಲಿಯನ್ನು ನೋಡಿದಾಗ. ಮೊದಲು ಹೊಲದ ಬದುವಿನಲ್ಲಿ ಕವಳಿ, ಕಾರೆ, ಪರಗಿ ತಾವಾಗಿಯೇ ಮುಳ್ಳುಬೇಲಿಯಾಗಿ ನಿಂತಿರುತ್ತಿದ್ದವು. ದನ ಒಳಗೆ ನುಗ್ಗುತ್ತಿರಲಿಲ್ಲ, ಹುಡುಗರ ಜೇಬು ಬರಿದಾಗಿರುತ್ತಿರಲಿಲ್ಲ. ಈಗ ಅಲ್ಲಿ ತಂತಿ ಬಂದಿದೆ. ಕುರುಚಲು ಕಾಡಿಗೂ ಬೆಲೆಯಿದೆ ಎಂದು ಗದಗಿನ ಜನ ಕಪ್ಪತಗುಡ್ಡಕ್ಕಾಗಿ ಹೋರಾಡಿದರು. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಹೊಲದ ಬದುವಿಗೆ ಅಂಥ ಕಾನೂನು ಯಾವುದೂ ಇಲ್ಲ.

ಕವಳಿಯ ಬೀಜ ಬಹಳ ದಿನ ಜೀವ ಹಿಡಿದಿರುವುದಿಲ್ಲ. ಹಣ್ಣು ತಿಂದ ಮೇಲೆ ಬೀಜವನ್ನು ತೊಳೆದು, ನೆರಳಲ್ಲಿ ಆರಿಸಿ, ತಡಮಾಡದೆ ಮಣ್ಣಿಗೆ ಹಾಕಬೇಕು. ಮುಂದಿನ ಮಳೆಗಾಲಕ್ಕೆ ಸಸಿ ಬದುವಿಗೆ ಹೋಗಲು ಸಿದ್ಧವಾಗಿರುತ್ತದೆ. ಮೊದಲ ವರ್ಷ ಆಡಿನ ಬಾಯಿಂದ ಕಾಯ್ದುಕೊಂಡರೆ ಸಾಕು. ಆಮೇಲೆ ಮುಳ್ಳೇ ಅದನ್ನು ನೋಡಿಕೊಳ್ಳುತ್ತದೆ.