ಅಳತೆಗೆ ಯಾವ ಜಂಪರ್ ತಂದಿರಿ?

ಆಷಾಢ ಬಂತೆಂದರೆ ನನ್ನ ಅಂಗಡಿಯ ಕಟ್ಟೆ ತುಂಬ ಕ್ಯಾರಿಬ್ಯಾಗುಗಳು. ಧಾರವಾಡ, ಹುಬ್ಬಳ್ಳಿಯ ಸೀರೆ ಅಂಗಡಿಗಳಿಗೆಲ್ಲ ಡಿಸ್ಕೌಂಟ್ ಬೋರ್ಡು ಬಿದ್ದಿರುತ್ತದೆ. ಅಲ್ಲಿಂದ ಹೊರಟವರು ಸೀದಾ ಟೇಲರ್ ಹತ್ತಿರ. ಪಂಚಮಿಗೆ ತವರಿಗೆ ಹೋಗುವಷ್ಟರಲ್ಲಿ ಎಲ್ಲ ತಯಾರಾಗಬೇಕು. ಅದಕ್ಕೆ ನನ್ನ ತಕರಾರಿಲ್ಲ, ನನ್ನ ಮನೆ ನಡೆಯುವುದೇ ಅದರಿಂದ. ತಕರಾರು ಇರುವುದು ಆ ಚೀಲದ ತಳದಲ್ಲಿ ಮಡಚಿಟ್ಟು ತರುತ್ತಾರಲ್ಲ, ಅಳತೆ ಜಂಪರ್, ಅಂದರೆ ಅಳತೆಗೆಂದು ಕೊಡುವ ಬ್ಲೌಸ್, ಅದರ ಬಗ್ಗೆ.

ಬಹುತೇಕರು ತರುವುದು ತಮ್ಮ ಹತ್ತಿರ ಇರುವುದರಲ್ಲೇ ಅತಿ ಚೆಂದದ್ದು. ತಂಗಿಯ ಮದುವೆಗೆ ಹೊಲಿಸಿದ್ದು, ಒಮ್ಮೆ ತೊಟ್ಟು ಕವರಿನಲ್ಲಿ ಇಟ್ಟದ್ದು, ಇನ್ನೂ ಡಾಂಬರು ಗುಳಿಗೆಯ ವಾಸನೆ ಹೊಡೆಯುವಂಥದ್ದು. "ಹಾಕೊಂಡ್ರ ಹೆಂಗ ಆಕ್ಕೈತ್ರಿ?" ಅಂತ ಕೇಳುತ್ತೇನೆ. "ಸ್ವಲ್ಪ ಬಿಗಿ ಆಕ್ಕೈತ್ರಿ ಅಕ್ಕಾರ. ಕೈ ಎತ್ತಾಕ ಬರಂಗಿಲ್ಲ. ಆದ್ರ ಫಿಟಿಂಗ್ ಭಾರಿ ಐತ್ರಿ." ಕೈ ಎತ್ತಲು ಬಾರದ ಜಂಪರಿನ ಅಳತೆಗೆ ಇನ್ನೂ ಮೂರು ಹೊಲಿಸಬೇಕಂತೆ!

ಅಂಗಡಿಯಲ್ಲಿ ಹೇಳಿ ಹೇಳಿ ಬೇಸತ್ತ ಮಾತನ್ನು ಇಲ್ಲಿ ಬರೆದುಬಿಡುತ್ತೇನೆ. ಅಳತೆಗೆ ಸವೆದ ಜಂಪರ್ ತನ್ನಿ. ಒಗೆದು ಹಾಕಿದ್ದು ಒಣಗಿತೋ ಇಲ್ಲವೋ ಅಂತ ಬೆಳಗ್ಗೆ ತಂತಿಯ ಮೇಲೆ ಮುಟ್ಟಿ ನೋಡುತ್ತೀರಲ್ಲ, ಅದು. ಒಣಗಿಲ್ಲದಿದ್ದರೆ ಇಸ್ತ್ರಿ ಹಾಕಿಯಾದರೂ ತೊಟ್ಟುಕೊಂಡು ಹೋಗುತ್ತೀರಲ್ಲ, ಅದು. "ಅಯ್ಯ, ಅದು ಹಳೇದ್ರಿ, ತರಾಕ ನಾಚಿಕಿ ಬರತೈತಿ" ಅನ್ನುತ್ತಾರೆ. ನನಗೆ ಬೇಕಿರುವುದು ಆ ಹಳೆಯದೇ. ಅದರಲ್ಲಿ ಎದೆಯ ಅಳತೆ, ತೋಳಿನ ಸುತ್ತಳತೆಗಿಂತ ಹೆಚ್ಚಿನದು ಇರುತ್ತದೆ.

ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬರು ನನ್ನ ಒತ್ತಾಯಕ್ಕೆ ಅಂಥದೊಂದು ತಂದರು. ಕಡುನೀಲಿ ಕಾಟನ್, ಮೊಳಕೈವರೆಗಿನ ತೋಳು. ಮೇಜಿನ ಮೇಲೆ ಹರವಿದೆ. ಎಡ ಭುಜದ ಮೇಲೆ ಒಂದೇ ಜಾಗದಲ್ಲಿ ಪಿನ್ನು ಚುಚ್ಚಿ ಚುಚ್ಚಿ ಸಣ್ಣ ಸಣ್ಣ ತೂತುಗಳ ಗುಂಪು. ಅಂದರೆ ದಿನಾ ಸೆರಗನ್ನು ನೆರಿಗೆ ಮಾಡಿ ಪಿನ್ನು ಹಾಕುವವರು. ಸೆರಗು ಇಳಿಬಿಟ್ಟು ಓಡಾಡುವುದು ಅವರಿಗೆ ಆಗದು. ಬಲ ಭುಜದ ಬಣ್ಣ ಪಟ್ಟಿಯಂತೆ ಮಾಸಿತ್ತು, ಬ್ಯಾಗಿನ ಗುರುತು. ಒಳಗೆ ಮಾರ್ಜಿನ್, ಅಂದರೆ ಹೊಲಿಗೆಯಾಚೆ ಬಿಟ್ಟ ಹೆಚ್ಚಿನ ಬಟ್ಟೆ, ಒಮ್ಮೆ ಬಿಚ್ಚಿ ಹೊಲಿಗೆ ಹಾಕಿದ್ದಾರೆ, ಹಳೆಯ ಹೊಲಿಗೆಯ ಗೆರೆ ಹಾಗೇ ಇದೆ. ಅಂದರೆ ಮೈ ತುಂಬಿಕೊಂಡ ಮೇಲೂ ಇದನ್ನು ಬಿಡಲು ಮನಸ್ಸು ಬಂದಿಲ್ಲ. ಎಲ್ಲಕ್ಕಿಂತ ನನ್ನ ಕಣ್ಣಿಗೆ ಬಿದ್ದದ್ದು ಮುಂದಿನ ಕೊರಳು: ಟೇಲರ್ ಕೊಟ್ಟ ಕೊರಳಿನ ಆಳಕ್ಕೆ ಒಳಗಿಂದ ಒಂದು ಪಟ್ಟಿ ಇಟ್ಟು, ಕೈಹೊಲಿಗೆಯಲ್ಲಿ, ಅವರೇ ಒಂದಿಂಚು ಮೇಲಕ್ಕೆ ಏರಿಸಿಕೊಂಡಿದ್ದರು.

ಅದೇ ಚೀಲದಿಂದ ಹೊರಬಂದದ್ದು ತಿಳಿಗುಲಾಬಿ ನೆಟ್ ಸೀರೆ. ಜೊತೆಗೆ ಮೊಬೈಲಿನಲ್ಲಿ ಫೋಟೊ: ತೋಳಿಲ್ಲ, ಬೆನ್ನು ಪೂರ್ತಿ ತೆರೆದದ್ದು, ದಾರಕ್ಕೆ ಲಟಕನ್, ಅಂದರೆ ತೂಗಾಡುವ ಗೊಂಡೆ. "ನೀ ಯಾವಾಗ್ಲೂ ಅದಽ ಮಬ್ಬು ಬಣ್ಣ ಉಡ್ತೀ ಅಂತ ಎಲ್ಲಾರೂ ಅಂತಾರ್ರಿ. ಈ ಸಲಾ ಬ್ಯಾರೆ ಏನರ ಮಾಡೋಣ ಅಂತ." ನಾನು ಆ ಕೊರಳಿನ ಪಟ್ಟಿ ತೋರಿಸಿದೆ. ಯಾರೂ ಹೇಳದೆ, ರಾತ್ರಿ ಕೂತು ಸೂಜಿ ಹಿಡಿದು ಮಾಡಿಕೊಂಡದ್ದು ಅದು; ಅವರ ಅಭಿರುಚಿ ಅಂದರೆ ಅದೇ. ಅವರು ನಕ್ಕರು, ಫೋಟೊದಲ್ಲಿದ್ದದ್ದೇ ಬೇಕೆಂದರು. ಹೊಲಿದುಕೊಟ್ಟೆ. ಗಿರಾಕಿ ಕೇಳಿದ್ದನ್ನು ಹೊಲಿಯುವುದು ನನ್ನ ಕಸುಬು. ಅದನ್ನು ತೊಟ್ಟು ಅವರು ಈ ರಸ್ತೆಯಲ್ಲಿ ಹಾದುಹೋದದ್ದನ್ನು ನಾನಂತೂ ಕಂಡಿಲ್ಲ. ನೀಲಿಯದು ಮಾತ್ರ ವಾರಕ್ಕೊಮ್ಮೆಯಾದರೂ ಕಾಣುತ್ತದೆ.

"ನನ್ನ ಪರ್ಸನಾಲಿಟಿ ಕಾಣಬೇಕು, ಡಿಫರೆಂಟ್ ಆಗಿರಬೇಕು" ಅಂತ ಈಗ ಹುಡುಗಿಯರು ಬಾಯಿಬಿಟ್ಟೇ ಕೇಳುತ್ತಾರೆ. ಕೇಳಲಿ, ನನಗದು ಇಷ್ಟವೇ. ನಮ್ಮ ಕಾಲದಲ್ಲಿ ಅತ್ತೆ ಆರಿಸಿದ ಬಣ್ಣವೇ ನಮ್ಮ ಬಣ್ಣ. ಆದರೆ ಆ ಪರ್ಸನಾಲಿಟಿಯನ್ನು ಅಂಗಡಿಯ ರ‍್ಯಾಕಿನಲ್ಲಿ ಹುಡುಕುತ್ತಾರೆ. ಅದು ಮನೆಯ ಕಪಾಟಿನಲ್ಲಿ, ಮಾಸಿ, ಹುಕ್ಕು ಕಿತ್ತು ಬಿದ್ದಿರುತ್ತದೆ. ಖರೀದಿಗೆ ಹೊರಡುವ ಮೊದಲು ಸವೆದ ಬಟ್ಟೆಗಳನ್ನೆಲ್ಲ ಹಾಸಿಗೆಯ ಮೇಲೆ ಹಾಕಿ ನೋಡಿ. ಹೊಸದು, ಚೆಂದದ್ದು ಕಪಾಟಿನಲ್ಲೇ ಇರಲಿ. ತೋಳು ಎಲ್ಲಿಗೆ ನಿಂತಿದೆ? ಬಣ್ಣ ಕಡುವೋ ತಿಳಿಯೋ? ಬಟ್ಟೆ ಮೈಗೆ ಅಂಟುವಂಥದ್ದೋ, ಖಡಕ್ಕಾಗಿ ನಿಲ್ಲುವಂಥದ್ದೋ? ಮೂರ್ನಾಲ್ಕು ಜಂಪರಿನಲ್ಲಿ ಒಂದೇ ಸಂಗತಿ ಮತ್ತೆ ಮತ್ತೆ ಕಂಡರೆ ಅದು ಆಕಸ್ಮಿಕವಲ್ಲ.

ಫೋಟೊ ವಿಷಯಕ್ಕೆ ಎರಡು ಮಾತು. ಫೋಟೊದಲ್ಲಿ ಬಣ್ಣ ಕಾಣುತ್ತದೆ, ಕಟ್ ಕಾಣುತ್ತದೆ, ಬಟ್ಟೆ ಬೀಳುವ ರೀತಿ ಕಾಣುವುದಿಲ್ಲ. ರಾ ಸಿಲ್ಕಿನಲ್ಲಿ ಉಬ್ಬಿ ನಿಂತ ಪಫ್ ತೋಳು ಜಾರ್ಜೆಟ್ಟಿನಲ್ಲಿ ಸೋತು ಮಲಗುತ್ತದೆ. ಅದನ್ನು ನಿಲ್ಲಿಸಲು ಒಳಗೆ ಕ್ಯಾನ್ವಾಸ್, ನೆಟ್ ತುರುಕಬೇಕು. ಆಮೇಲೆ ಬಿಸಿಲಿನಲ್ಲಿ ನೀವು ನನ್ನನ್ನು ಬೈಯಬೇಕು. ರೇಷ್ಮೆಯಲ್ಲಿ ತೀರಾ ಬಿಗಿ ಮಾಡಿಸಿಕೊಂಡರೆ ಬಗಲಿನ ಹೊಲಿಗೆಯ ಪಕ್ಕದಲ್ಲಿ ಎಳೆ ಜರುಗಿ ಬಟ್ಟೆ ಪಿಸಿಯುತ್ತದೆ. ಅದು ಹೊಲಿಗೆಯ ದೋಷವಲ್ಲ ಅಂತ ಎಷ್ಟು ಹೇಳಿದರೂ ನಂಬುವವರು ಕಡಿಮೆ. ಕಾಟನ್ ಲೈನಿಂಗ್ ನೀರಿನಲ್ಲಿ ನೆನೆಹಾಕದೆ ಹೊಲಿದರೆ ಮೊದಲ ಒಗೆತಕ್ಕೇ ಒಳಗಿನದು ಕುಗ್ಗಿ ಮೇಲಿನದು ಗುಳ್ಳೆಯೇಳುತ್ತದೆ, ಅದು ಮಾತ್ರ ಟೇಲರ್ ದೋಷವೇ.

ಲೇಬಲ್ಲಿಗೂ ಒಂದು ಮಾತು. ಸೇಲಿನಲ್ಲಿ "ಸೆಮಿ ಸಿಲ್ಕ್", "ಆರ್ಟ್ ಸಿಲ್ಕ್" ಅಂತ ಕಂಡರೆ ರೇಷ್ಮೆ ಅಂದುಕೊಳ್ಳಬೇಡಿ. ಆರ್ಟ್ ಸಿಲ್ಕ್ ಅಂದರೆ ಕೃತಕ ನೂಲು. ಉಡಬಾರದು ಅಂತಲ್ಲ, ರೇಷ್ಮೆಯ ಬೆಲೆ ಕೊಡಬೇಡಿ ಅಷ್ಟೇ. ಶುದ್ಧ ರೇಷ್ಮೆಗೆ ಸಿಲ್ಕ್ ಮಾರ್ಕ್ ಲೇಬಲ್ 2004ರಿಂದಲೇ ಇದೆ. ಅಂಚಿನ ಒಂದೆರಡು ಎಳೆ ಸುಟ್ಟು ನೋಡಿದರೂ ಗೊತ್ತಾಗುತ್ತದೆ: ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಗಡಿಯಲ್ಲಿ ಕಡ್ಡಿ ಗೀರಬೇಡಿ, ಮನೆಗೆ ಹೋಗಿ ಮಾಡಿ.

ಮೊನ್ನೆ ಒಬ್ಬಳು ಹುಡುಗಿ, ಎಂ.ಎ. ಓದುವವಳು, ಅಜ್ಜಿಯ ಇಳಕಲ್ ಸೀರೆ ಹಿಡಿದುಕೊಂಡು ಬಂದಳು. ಒಡಲು ಮಡಿಕೆ ಮಡಿಕೆಗೆ ಹರಿದಿದೆ, ಕೆಂಪು ಬಿಳಿ ತೋಪ್ ತೆನಿ ವಿನ್ಯಾಸದ ಸೆರಗು ಮಾತ್ರ ಗಟ್ಟಿ. "ಅಕ್ಕಾರ, ಇದರಾಗ ಒಂದು ಜಾಕೀಟ್ ಹೊಲದ ಕೊಡ್ರಿ, ಜೀನ್ಸ್ ಮ್ಯಾಲೆ ಹಾಕ್ತೇನಿ." ನನಗೆ ಖುಷಿಯೂ ಆಯಿತು, ಭಯವೂ ಆಯಿತು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದ ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ; ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೊಂಡಿಯ ಸಾಲಿನ ಮೇಲೆ ಕತ್ತರಿ ಆಡಿಸಬಾರದು. ಅದರಿಂದ ದೂರಕ್ಕೆ, ಸೆರಗಿನ ಕಡೆ ಕತ್ತರಿಸಿ, ಹಿಂದೆ ತೆಳು ಕಾಟನ್ ಅಂಟಿಸಿ ಹೊಲಿಯಬಹುದು ಅಂದೆ. ಹರಿಯುವುದಿಲ್ಲ ಅಂತ ಗ್ಯಾರಂಟಿ ಕೊಡಲಿಲ್ಲ, ಹಳೆ ಬಟ್ಟೆಗೆ ಯಾರೂ ಕೊಡಲಾರರು.

ಅವಳು ತೊಟ್ಟಿದ್ದ ಕುರ್ತಾ ನೋಡಿದೆ. ಗುಳೇದಗುಡ್ಡದ ಖಣ, ಎರಡೂ ಬದಿ ಪಾಕೀಟು. ಪಾಕೀಟಿನ ಬಾಯಿ ಸವೆದು ನೂಲು ಎದ್ದಿತ್ತು, ಕೈ ಯಾವಾಗಲೂ ಅಲ್ಲೇ ಇರುತ್ತದೆ ಅಂತ ಕಾಣುತ್ತದೆ. ಜಾಕೀಟಿಗೂ ಪಾಕೀಟು ಬೇಕೇನವ್ವಾ ಅಂದೆ. "ಹೂಂ ಮತ್ತ!" ಈ ಹುಡುಗಿಗೆ ನಾನು ಹೇಳಬೇಕಾದದ್ದು ಏನೂ ಇರಲಿಲ್ಲ. ಖಣ ಇಷ್ಟಪಡುವ ಉಳಿದವರಿಗೆ ಒಂದು ಮಾತಿದೆ: ಅದನ್ನು ನೇಯ್ದದ್ದೇ ಕುಬಸಕ್ಕೆ, ಮಾಮೂಲಿ ಬಟ್ಟೆಯ 44 ಇಂಚಿನ ಪನ್ನ (ಅಗಲ) ಅದಕ್ಕಿಲ್ಲ. ಕುರ್ತಾ ಹೊಲಿಸುವವರು ಟೇಲರನ್ನು ಕೇಳಿ ಎಷ್ಟು ಬೇಕೋ ಅಷ್ಟು ತಗೊಳ್ಳಿ. ಎರಡು ಪೀಸು ತಂದು "ಹೆಂಗರ ಮಾಡ್ರಿ" ಅಂದರೆ ತೋಳಿಗೆ ಬೇರೆ ಬಟ್ಟೆ ಕೂಡಿಸಬೇಕಾಗುತ್ತದೆ.

ಇನ್ನು ದುಡ್ಡಿನ ಲೆಕ್ಕ. 700 ರೂಪಾಯಿಗೆ ಸೀರೆ ಸಿಕ್ಕಿತು ಅಂತ ಹಿಗ್ಗುತ್ತಾ ಬರುತ್ತಾರೆ. ಲೈನಿಂಗ್ ಜಂಪರ್, ಫಾಲ್, ಜಿಗ್‌ಜಾಗ್, ಸೆರಗಿಗೆ ಕುಚ್ಚು, ಒಳಗೆ ಅದೇ ಬಣ್ಣದ ಲಂಗ ಎಲ್ಲ ಕೂಡಿದರೆ ನಮ್ಮ ಕಡೆಯೇ ಸೀರೆಯಷ್ಟು ಇನ್ನೊಮ್ಮೆ ಆಗುತ್ತದೆ. ಬೆಂಗಳೂರಿನಲ್ಲಿ ಇನ್ನೂ ಜಾಸ್ತಿ ಇದ್ದೀತು. ಆ ಲೆಕ್ಕ ಕೇಳಿ ಸೀರೆಯನ್ನು ಹೊಲಿಸದೆ ಹಾಗೇ ಬೀರುವಿಗೆ ಸೇರಿಸಿದವರು ಎಷ್ಟೋ ಮಂದಿ. ಮುಂದಿನ ಆಷಾಢಕ್ಕೆ ಮತ್ತೆ ಐದು. ಕಪಾಟಿನಲ್ಲಿ ಈಗಾಗಲೇ ಇರುವ ಯಾವ ಜಂಪರಿಗೆ ಹೊಂದುತ್ತದೆ ಅಂತ ಅಂಗಡಿಯಲ್ಲೇ ನಿಂತು ಯೋಚಿಸಿ, ಒಂದೂ ನೆನಪಾಗದಿದ್ದರೆ ಮಡಚಿ ವಾಪಸು ಕೊಡಿ. ಸೀರೆ ಬಿಚ್ಚಿ ತೋರಿಸಿದ ಹುಡುಗನಿಗೆ ಬೇಜಾರಾದೀತು ಅಂತ ಕೊಳ್ಳುವವರನ್ನೂ ನೋಡಿದ್ದೇನೆ. ಬಿಚ್ಚುವುದು, ಮಡಚುವುದು ಅವನ ದಿನದ ಕೆಲಸ, ಅವನಿಗೇನೂ ಆಗುವುದಿಲ್ಲ.

ಸವೆದ ಜಂಪರ್ ಎಲ್ಲ ಹೇಳುತ್ತದೆ ಅಂತಲೂ ಅಲ್ಲ. ಬಾಣಂತನದ ನಂತರ, ಕಾಯಿಲೆ ಕಸಾಲೆಯ ನಂತರ ಮೈ ಬದಲಾಗುತ್ತದೆ. ಆಗ ಹಳೆಯದನ್ನು ಪಕ್ಕಕ್ಕಿಟ್ಟು ಮೈಮೇಲೆ ಅಳತೆ ಕೊಡಿ. ಕೆಲವರು ಬೇರೆ ಏನೂ ಸಿಗದೆ ಅದನ್ನೇ ಹಾಕಿ ಹಾಕಿ ಸವೆಸಿರುತ್ತಾರೆ, ಇಷ್ಟಪಟ್ಟು ಅಲ್ಲ. ಅದು ನಿಮಗೇ ಗೊತ್ತಿರುತ್ತದೆ, ನನ್ನ ಮುಂದೆ ಒಪ್ಪದಿದ್ದರೂ ಸರಿ. ಬದಲಾವಣೆ ಬೇಕೆನಿಸಿದರೆ ಒಂದು ಸಲಕ್ಕೆ ಒಂದೇ ಬದಲಿಸಿ. ತೋಳು ಅದೇ ಇರಲಿ, ಬಣ್ಣ ಹೊಸದಾಗಲಿ. ಅದು ಕೂಡಿಬಂದರೆ ಮುಂದಿನದರಲ್ಲಿ ಕೊರಳು ನೋಡೋಣ. ಬಣ್ಣ, ಕೊರಳು, ತೋಳು, ಬಟ್ಟೆ ನಾಲ್ಕನ್ನೂ ಒಂದೇ ಜಂಪರಿನಲ್ಲಿ ಬದಲಿಸಿದರೆ, ಹಿಡಿಸದೇ ಹೋದಾಗ ಯಾವುದು ಹಿಡಿಸಲಿಲ್ಲ ಅಂತ ನಿಮಗೂ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ.

ಹೊಲಿಯಲು ಕೊಡುವ ಮುಂಚೆ "ಒಳಗ ಮಾರ್ಜಿನ್ ಬಿಡ್ರಿ" ಅಂತ ಬಾಯಿಬಿಟ್ಟು ಹೇಳಿ, ಎಲ್ಲ ಟೇಲರುಗಳೂ ತಾವಾಗಿ ಬಿಡುವುದಿಲ್ಲ. ಅಳತೆಗೆ ತರುವ ಹಳೆಯ ಜಂಪರನ್ನು ದಯವಿಟ್ಟು ಒಗೆದು, ಪಿನ್ನು ತೆಗೆದು ತನ್ನಿ. ನನ್ನ ಬೆರಳಿಗೂ ಜೀವವಿದೆ. ಮತ್ತೆ, ನಾಗರ ಅಮಾವಾಸ್ಯೆಯ ದಿನ ಚೀಲ ತಂದು ಪಂಚಮಿಗೆ ಕೇಳುವವರು, ನಡುವೆ ಇರುವುದು ಐದೇ ದಿನ ಅಂತ ಕ್ಯಾಲೆಂಡರ್ ನೋಡಿಕೊಂಡು ಬನ್ನಿ.