ಇಡ್ಲಿ ರೂಪಾಯಿಗೆ, ಸಾಲ ಡಾಲರಿಗೆ

ಮುಂಬೈಯ ಮಾಟುಂಗಾದಲ್ಲಿ ನಮ್ಮ ಮಾವನದ್ದೊಂದು ಸಣ್ಣ ಹೋಟೆಲ್ ಇದೆ. ಹೊಸ ಗ್ರೈಂಡರ್‌ಗೆ ಸಾಲ ಮಾಡಿದ್ದಾರೆ. ಮೊನ್ನೆ ಗಲ್ಲಾದಲ್ಲಿ ಕೂತು, ಹಳೇ ಬಿಲ್ಲಿನ ಹಿಂದೆ ಲೆಕ್ಕ ಬರೆಯುತ್ತಿದ್ದರು. "ಕಂತು ಎಷ್ಟೂಂತ ಗೊತ್ತಿದ್ರೆ ದಿನಕ್ಕೆ ಎಷ್ಟು ಪ್ಲೇಟ್ ಇಡ್ಲಿ ಹೋಗ್ಬೇಕೂಂತ ಗೊತ್ತಾಗ್ತದೆ ಮಾರಾಯ" ಅಂದರು.

ಬಡ ದೇಶಗಳಿಗೆ ಈ ನೆಮ್ಮದಿಯೇ ಇಲ್ಲ. ರಸ್ತೆಗೆ, ಕರೆಂಟಿಗೆ, ಆಸ್ಪತ್ರೆಗೆ ಅಂತ ಅವು ಹೊರಗಿನಿಂದ ತರುವ ಸಾಲ ಹೆಚ್ಚಾಗಿ ಡಾಲರ್, ಯೂರೋ, ಯೆನ್ ಲೆಕ್ಕದಲ್ಲಿ. ತೆರಿಗೆ ಬರುವುದು ಸ್ವಂತ ನಾಣ್ಯದಲ್ಲಿ. ನಮ್ಮ ಅಟಲ್ ಸೇತುವೆಯನ್ನೇ ನೋಡಿ. ಅದಕ್ಕೆ ಜಪಾನಿನ ಸಾಲ ಇದೆ, ಟೋಲ್ ಕಟ್ಟುವವರು ಕೊಡುವುದು ರೂಪಾಯಿ. ಭಾರತ ಇವತ್ತು ಇದನ್ನು ತಡೆದುಕೊಳ್ಳುತ್ತದೆ.

ಶ್ರೀಲಂಕಾಕ್ಕೆ ಆಗಲಿಲ್ಲ. 2022ರ ಮಾರ್ಚ್ ಶುರುವಿನಲ್ಲಿ ಒಂದು ಡಾಲರಿಗೆ ಅಲ್ಲಿನ ಸುಮಾರು 200 ರೂಪಾಯಿ. ಮೇ ಹೊತ್ತಿಗೆ 360ರ ಹತ್ತಿರ. ಅಂದರೆ 100 ಡಾಲರ್ ಕಂತಿಗೆ 20,000 ಎತ್ತಿಡುತ್ತಿದ್ದವರು 36,000 ಹುಡುಕಬೇಕು. ಒಂದು ಡಾಲರ್ ಹೊಸ ಸಾಲ ಮಾಡದಿದ್ದರೂ ಹಳೇ ಸಾಲದ ಭಾರ ಹೀಗೆ ಬೆಳೆಯುತ್ತದೆ. ಆ ಏಪ್ರಿಲ್‌ನಲ್ಲೇ ಶ್ರೀಲಂಕಾ ವಿದೇಶಿ ಸಾಲದ ಕಂತು ನಿಲ್ಲಿಸಿತು. ತೆರಿಗೆ ಇಳಿಸಿದ್ದು, ಕೋವಿಡ್‌ನಿಂದ ಪ್ರವಾಸಿಗರು ಬಾರದೆ ಹೋದದ್ದು, ಇವೂ ಕಾರಣ ಹೌದು.

ಬ್ಯಾರಿ ಐಕನ್‌ಗ್ರೀನ್ ಮತ್ತು ರಿಕಾರ್ಡೊ ಹೌಸ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 1999ರಲ್ಲಿ, ಹೀಗೆ ಹೊರಗಿನವರ ನಾಣ್ಯದಲ್ಲೇ ಸಾಲ ಮಾಡಬೇಕಾಗಿ ಬರುವುದನ್ನು 'ಮೂಲ ಪಾಪ' ಎಂದು ಕರೆದರು. ಹೆಸರು ನನಗೆ ಹಿಡಿಸುವುದಿಲ್ಲ. ಸಾಲ ತಗೊಂಡವನೇ ತಪ್ಪಿತಸ್ಥ ಅನ್ನುವ ಹಾಗೆ ಕೇಳಿಸುತ್ತದೆ. ಸಣ್ಣ ದೇಶದ ನಾಣ್ಯವನ್ನು ನಂಬಿ ಸಾಲ ಕೊಡುವವರೇ ಇಲ್ಲದಿದ್ದರೆ ಅವರು ಏನು ಮಾಡಬೇಕು?

ನಮಗೂ ಡಾಲರಿಗಾಗಿ ಪರದಾಡುವ ಸ್ಥಿತಿ ಬಂದಿತ್ತು. 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಮುಂಬೈಯಿಂದ ವಿಮಾನದಲ್ಲಿ ಲಂಡನ್ನಿಗೆ ಕಳಿಸಿ, ಅದರ ಮೇಲೆ 40 ಕೋಟಿ ಡಾಲರ್‌ನಷ್ಟು ಸಾಲ ಎತ್ತಿತು. ಮಾವ ಆಗ ಫೋರ್ಟಿನಲ್ಲಿ ಹಗಲು ಕ್ಯಾಂಟೀನ್ ಕೆಲಸ ಮಾಡಿ, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದರು. ಪೇಪರ್ ಓದಿ ಎಲ್ಲರೂ ಸುಮ್ಮನಾದರಂತೆ. "ಅಮ್ಮನ ಕರಿಮಣಿ ಅಡವಿಟ್ಟ ಹಾಗಾಯ್ತು" ಅಂದರು.

ದಾರಿ ಇಲ್ಲದೇ ಇಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ 2007ರಲ್ಲಿ ಟಿಸಿಎಕ್ಸ್ ಎಂಬ ನಿಧಿ ಶುರುವಾಯಿತು. ಸಾಲಗಾರ ದೇಶದ ನಾಣ್ಯ ಬಿದ್ದರೆ ಆ ನಷ್ಟವನ್ನು ಅದು ಹೊರುತ್ತದೆ. ಹೇಗೆ ಅಂತೀರಾ? ಚೀಟಿ ನಡೆಸುವವರಿಗೆ ಗೊತ್ತು, ಇಪ್ಪತ್ತು ಜನರೂ ಒಂದೇ ತಿಂಗಳು ಕೈಕೊಡುವುದು ಅಪರೂಪ. ಹಾಗೆಯೇ ಹತ್ತಾರು ದೇಶಗಳ ನಾಣ್ಯ ಒಟ್ಟಿಗೆ ಕುಸಿಯುವುದೂ ಅಪರೂಪ. ಒಂದರಲ್ಲಿ ಹೋದದ್ದನ್ನು ಉಳಿದವು ತುಂಬಿಕೊಡುತ್ತವೆ. ಆದರೆ ಈ ರಕ್ಷಣೆ ಪುಕ್ಕಟೆ ಸಿಗುವುದಿಲ್ಲ, ಬಡ್ಡಿ ಜಾಸ್ತಿಯಾಗುತ್ತದೆ.

ನೂರಾರು ಕಡೆ ಸಾಲ ಕೊಟ್ಟಿರುವ ವಿಶ್ವಬ್ಯಾಂಕಿನಂಥವರು ಈ ಭಾರವನ್ನು ಇನ್ನೂ ಹೆಚ್ಚು ಹೊರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. 2023ರ ವಿಶ್ವಸಂಸ್ಥೆಯ ಲೆಕ್ಕದಂತೆ 330 ಕೋಟಿ ಜನ ಇರುವ ದೇಶಗಳಲ್ಲಿ ಶಾಲೆಗಿಂತಲೋ ಆಸ್ಪತ್ರೆಗಿಂತಲೋ ಬಡ್ಡಿಗೆ ಹೋಗುವ ದುಡ್ಡೇ ಜಾಸ್ತಿ.